ಹದಿನಾರು ಆಳೆತ್ತರ

ಏಪ್ರಿಲ್ 9

ಅಣ್ಣನಿಗೆ,

ತಲುಪಿದೆವು. ದಾರಿಯುದ್ದಕ್ಕೂ ಪುಟ್ಟಿಗೆ ವಾಂತಿ, ನನಗೆ ಸೊಂಟನೋವು. ಅದು ಬಿಟ್ಟರೆ ತಾಯಿ ಮಗಳು ಇಬ್ಬರೂ ಗಟ್ಟಿಯಾಗಿದ್ದೇವೆ. ನೀನು ಬೇಡ ಬೇಡವೆಂದರೂ ಈ ಕೆಲಸ ಒಪ್ಪಿಕೊಂಡು ಬಂದೆನಲ್ಲ, ಹುಟ್ಟಿದಾಗಿನಿಂದ ನಿನ್ನ ಮಾತು ಮೀರಿದ್ದು ಇದೊಂದೇ ಸಲ. ಇನ್ನಾದರೂ ಮುಖ ಸಡಿಲಿಸು.

ಆಸ್ಪತ್ರೆ ಎಂದರೆ ಎರಡು ಕೋಣೆ. ಒಂದರಲ್ಲಿ ಹೆರಿಗೆಯ ಮಂಚ, ಔಷಧಿಯ ಕಪಾಟು, ಹೊಗೆ ಕಾರುವ ಒಲೆ. ಇನ್ನೊಂದರಲ್ಲಿ ನಾವು. ನನ್ನನ್ನು ಎಲ್ಲರೂ ನರ್ಸಮ್ಮ ಅನ್ನುತ್ತಾರೆ. ಹತ್ತಿರದ ಡಾಕ್ಟರು ಕೆಳಪೇಟೆಯಲ್ಲಿ. ಫೋನೂ ಅಲ್ಲಿಯವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಟಪಾಲು ಹೇಸರಗತ್ತೆಯ ಮೇಲೆ, ಅದಕ್ಕೆ ಮನಸ್ಸು ಬಂದಾಗ.

ನೀನು ಮಾಡುತ್ತಿರುವ ಪರ್ವತದ ಮಾದರಿಗೆ ಬೇಕೆಂದು ಕೇಳಿದ್ದೆಯಲ್ಲ, ಬರೆಯುತ್ತೇನೆ. ಈ ಪರ್ವತ ಒಂದೇ ಸಾಲಲ್ಲ. ಮೊದಲು ಜೇಡಿ ಮತ್ತು ಬೆಣಚುಕಲ್ಲಿನ ಗಿಡ್ಡ ಗುಡ್ಡಗಳು, ಕೈಯಲ್ಲಿ ಹಿಂಡಿದರೆ ಉದುರುತ್ತವೆ. ಅವುಗಳ ಹಿಂದೆ ಕಾಡು ಹೊದ್ದ ಏಣುಗಳು. ಅದರಾಚೆ ಮರ ಮುಗಿದು ಬರೀ ಹುಲ್ಲು, ಆಮೇಲೆ ಬರೀ ಕಲ್ಲು, ಕೊನೆಗೆ ಬಿಳಿ. ಒಂದನ್ನು ಹತ್ತಿ ಇಳಿದರೆ ಟಿಕೆಟ್ ಕೌಂಟರಿನ ಸಾಲಿನಲ್ಲಿ ನಿಂತವರ ಹಾಗೆ ಅದರ ಭುಜದ ಹಿಂದಿನಿಂದ ಇನ್ನೊಂದು ಇಣುಕುತ್ತದೆ. ಹೊಳೆ ಮಾತ್ರ ಯಾರ ಅಪ್ಪಣೆಗೂ ಕಾಯದೆ ಬೆಟ್ಟವನ್ನು ಅಡ್ಡಕ್ಕೆ ಸೀಳಿಕೊಂಡು ಬಂದಿದೆ. ಬೆಟ್ಟ ಏಳುವ ಮೊದಲೇ ಹೊಳೆ ಇತ್ತಂತೆ, ನೀನೇ ಹೇಳಿದ್ದೆ.

ಹಿಮನದಿ ನೋಡಿ ನನಗೆ ನಿರಾಸೆ. ಬಿಳಿಯಾಗಿರುತ್ತದೆ ಅಂದುಕೊಂಡಿದ್ದೆ. ಅದು ಕಲ್ಲುಮಣ್ಣು ಹೊತ್ತ ಕೊಳಕು ಮಂಜು. ತಾನೇ ತಳ್ಳಿಕೊಂಡು ಬಂದ ಕಲ್ಲುಮಣ್ಣನ್ನೆಲ್ಲ ಮೂತಿಯ ಮುಂದೆ ಗುಡ್ಡೆ ಹಾಕಿ ಒಂದು ಕಟ್ಟೆ ಮಾಡಿಕೊಂಡಿದೆ. ಆ ಕಟ್ಟೆಯ ಹಿಂದೆ ಹಸಿರು ಬಣ್ಣದ ಕೆರೆ. ಅಲ್ಲಿಂದ ಅರ್ಧ ದಿನ ಇಳಿದರೆ ನಮ್ಮ ಊರು. ಬಿಸಿಲೇರಿದ ಮೇಲೆ ಆ ಕಡೆಯಿಂದ ಯಾರೋ ಬೀರು ಎಳೆದಂಥ ಸದ್ದು ಬರುತ್ತದೆ. ಅಭ್ಯಾಸವಾಗುತ್ತದಂತೆ.

ನಿನ್ನ ತಂಗಿ


ಏಪ್ರಿಲ್ 24

ತಂಗಿಗೆ,

ಮುಖ ಸಡಿಲಿಸಿದ್ದೇನೆ, ನೋಡುವವರು ಯಾರೂ ಇಲ್ಲ. ಮನೆಯಲ್ಲಿ ನಾನು ಮತ್ತು ನಲ್ಲಿ. ನಲ್ಲಿ ಸೋರುತ್ತದೆ, ನಾನು ಬೈಯುತ್ತೇನೆ, ಹೀಗೆ ಸಂಸಾರ ನಡೆದಿದೆ.

ನಿನ್ನ ವಿವರ ಚೆನ್ನಾಗಿತ್ತು. ಮ್ಯೂಸಿಯಮ್ಮಿನವರು ಇಡೀ ಪರ್ವತಶ್ರೇಣಿಯ ಮಾದರಿಯ ಜೊತೆಗೆ ಒಂದು ಕಣಿವೆಯನ್ನು ದೊಡ್ಡದಾಗಿ ಮಾಡಿಕೊಡಿ ಎಂದಿದ್ದಾರೆ. ಯಾವ ಕಣಿವೆ ಎಂದು ನಾನೇ ಆರಿಸಬಹುದು. ಆರಿಸಿದೆ. ಯಾರದೆಂದು ಕೇಳಬೇಡ.

ಸರ್ವೆ ನಕ್ಷೆಯ ಒಂದೊಂದು ಎತ್ತರದ ಗೆರೆಗೂ ಒಂದೊಂದು ರಟ್ಟು ಕತ್ತರಿಸಿ, ಪೇರಿಸಿ, ಅದರ ಮೇಲೆ ತಂತಿಬಲೆ ಹಾಸಿ, ಪ್ಲಾಸ್ಟರ್ ಬಳಿಯುತ್ತಿದ್ದೇನೆ. ಕಾರ್ಖಾನೆಯ ಷೆಡ್ಡಿನಲ್ಲಿ ಕೆಮ್ಮಿದರೆ ಬಿಳಿ ಬರುತ್ತದೆ. ನಮ್ಮ ಕಸುಬಿನ ಗುಟ್ಟು ನಿನಗೆ ಗೊತ್ತೇ ಇದೆ: ಅಗಲ ಇದ್ದಷ್ಟೇ, ಎತ್ತರ ಎರಡು ಪಟ್ಟು. ಇದ್ದ ಹಾಗೆ ಮಾಡಿದರೆ ಎಂಥ ಪರ್ವತವೂ ಮುದುಡಿದ ದುಪ್ಪಟಿ ಥರ ಕಾಣುತ್ತದೆ. ದುಡ್ಡು ಕೊಟ್ಟು ಬಂದವರು ಬಾಯಿ ಬಿಟ್ಟು ನೋಡಬೇಡವೇ? ಇಷ್ಟು ವರ್ಷ ಹೀಗೇ ಮಾಡಿ ಮಾಡಿ, ಹೊರಗೆ ನಿಜವಾದ ಗುಡ್ಡ ಕಂಡರೆ ನನಗೆ ಅದೇ ಕುಳ್ಳಗೆ ಕಾಣುತ್ತದೆ.

ಸದ್ದಿಗೆ ಹೆದರಬೇಡ. ಹಿಮನದಿ ಚಲಿಸುವಾಗ ಗೊಣಗುತ್ತದೆ, ನಿಮ್ಮತ್ತೆಯ ಹಾಗೆ. ಯಾರಿಗೂ ಏನೂ ಮಾಡುವುದಿಲ್ಲ.

ಅಣ್ಣ


ಮೇ 16

ಅಣ್ಣನಿಗೆ,

ಸದ್ದಿಗೆ ಹೆದರಿದ್ದೇನೆಂದು ನಾನೆಲ್ಲಿ ಬರೆದೆ? ಪುಟ್ಟಿ ಈಗ ಊರಿನ ಮಕ್ಕಳ ಜೊತೆ ಸೇರಿ ನನಗಿಂತ ಜೋರಾಗಿ ಹತ್ತುತ್ತಾಳೆ. ಚೆನ್ನಾಗಿದ್ದೇವೆ.

ಒಂದು ಸಣ್ಣ ವಿಷಯ ಕೇಳಬೇಕಿತ್ತು. ಕೆರೆ ಈ ವರ್ಷ ಹೆಚ್ಚು ತುಂಬಿದೆಯಂತೆ. ಅಜ್ಜಂದಿರ ಕಾಲದಲ್ಲಿ ಒಮ್ಮೆ ಕಟ್ಟೆ ಒಡೆದು ನೀರು ಬಂದಿತ್ತಂತೆ. ಆಗ ಊರು ಮೇಲಿನ ಹುಲ್ಲುಗಾವಲಿನಲ್ಲಿತ್ತು, ಯಾರಿಗೂ ಏನೂ ಆಗಲಿಲ್ಲ. ಆಮೇಲೆ ನೀರಿಗೆ ಹತ್ತಿರವೆಂದು ಕೆಳಗೆ ಬಂದರು. ಆ ನೀರಿನ ಕಲೆ ಮೇಲಿನ ಕಮರಿಯ ಬಂಡೆಯ ಮೇಲೆ ಇವತ್ತಿಗೂ ಇದೆ. ಜೇನು ಕೀಳುವವನೊಬ್ಬ ಹಗ್ಗ ಇಳಿಬಿಟ್ಟು ನೋಡಿದ್ದಾನೆ. ಹೊಳೆಯ ತಳದಿಂದ ಹತ್ತು ಆಳೆತ್ತರ.

ನಮಗೂ ಕಮರಿಗೂ ನಡುವೆ ಒಂದು ದಿಬ್ಬವಿದೆ. ನಮ್ಮ ಕಡೆಯಿಂದ ಅದು ಸುಮ್ಮನೆ ಒಂದು ಏರು, ಆಡು ಮೇಯುತ್ತವೆ. ಆ ಕಡೆ ನೇರ ಪ್ರಪಾತ. ಅಂಚಿಗೆ ಹೋಗಿ ಹಗ್ಗ ಬಿಡೋಣವೆಂದರೆ ಕಾಲಿಟ್ಟಲ್ಲಿ ಕುಸಿಯುತ್ತದೆ, ಹೊಳೆಯಿಂದ ಅದೆಷ್ಟು ಎತ್ತರವೋ ಯಾರಿಗೂ ಗೊತ್ತಿಲ್ಲ. ಕೆಲವರು ಈಗಲೇ ಮೇಲಿನ ಹುಲ್ಲುಗಾವಲಿಗೆ ಹೋಗಿಬಿಡೋಣ ಅನ್ನುತ್ತಿದ್ದಾರೆ. ಅಲ್ಲಿ ಮುರುಕು ಕಲ್ಲಿನ ಕೊಟ್ಟಿಗೆಗಳಿವೆ, ವಿಪರೀತ ಚಳಿ. ಊರ ಯಜಮಾನರು ಬೇಡ ಅನ್ನುತ್ತಾರೆ. ನೇಕಾರರ ಸೊಸೆಗೆ ದಿನ ತುಂಬಿದೆ, ಅವಳನ್ನು ಅಲ್ಲಿಗೆ ಸಾಗಿಸುವುದು ನನಗೂ ಇಷ್ಟವಿಲ್ಲ.

ನಿನ್ನ ಮಾದರಿಯಲ್ಲಿ ಆ ದಿಬ್ಬ ಇದೆಯಾ? ಅದು ಹೊಳೆಯಿಂದ ಎಷ್ಟು ಎತ್ತರ? ಬಿಡುವಾದಾಗ ನೋಡಿ ಹೇಳು. ಅವಸರವೇನಿಲ್ಲ.

ನಿನ್ನ ತಂಗಿ


ಮೇ 28

ತಂಗಿಗೆ,

ಅವಸರವಿಲ್ಲ ಎಂದು ನೀನು ಬರೆದರೆ ಏನರ್ಥವೆಂದು ನನಗೆ ತಿಳಿಯದೇ? ಚಿಕ್ಕವಳಿದ್ದಾಗ ಬಚ್ಚಲಲ್ಲಿ ಜಿರಲೆ ಕಂಡರೂ ಹೀಗೇ, "ಅಣ್ಣಾ, ಪುರುಸೊತ್ತಿದ್ದರೆ ಸ್ವಲ್ಪ ಬಾ" ಅನ್ನುತ್ತಿದ್ದೆ.

ಕಾಗದ ಓದಿದವನೇ ಷೆಡ್ಡಿಗೆ ಹೋದೆ. ದಿಬ್ಬ ಇದೆ. ನಾನೇ ಕೈಯಾರೆ ಬಳಿದದ್ದು, ಹೆಬ್ಬೆರಳಿನ ಗುರುತು ಇನ್ನೂ ಹಸಿಯಾಗಿದೆ. ನಕ್ಷೆಯ ಗೆರೆ ಎಣಿಸುವುದು ಎಂಜಿನಿಯರುಗಳ ಚಾಳಿ, ನಾನು ಕೈಯಲ್ಲಿ ಓದುವವನು. ಹೊಳೆಯ ತಳದಿಂದ ದಿಬ್ಬದ ನೆತ್ತಿಗೆ ಅಳತೆಪಟ್ಟಿ ಹಿಡಿದೆ. ಒಮ್ಮೆಯಲ್ಲ, ಮತ್ತೆ ಮತ್ತೆ. ಹದಿನಾರು ಆಳೆತ್ತರ. ನಿಮ್ಮ ಅಜ್ಜಂದಿರ ನೀರು ಹತ್ತು. ನೀರು ಬಂದರೂ ಕೆಳಗೆ ಕಮರಿಯಲ್ಲೇ ಹಾರಾಡಿಕೊಂಡು ಹೋಗುತ್ತದೆ, ನೀವು ದಿಬ್ಬದ ಮೇಲೆ ನಿಂತು ತಮಾಷೆ ನೋಡಬಹುದು.

ಎಲ್ಲರಿಗೂ ಹೇಳು: ಅಳೆದಾಗಿದೆ, ಮನೆಯಲ್ಲೇ ಇರಿ. ದಿನ ತುಂಬಿದವಳನ್ನು ಚಳಿಗೆ ಹೊರಡಿಸಬೇಡ. ನಾನಿದ್ದೇನೆ.

ಅಣ್ಣ


ಜೂನ್ 12

ಅಣ್ಣನಿಗೆ,

ಈಗ ಹೇಳುತ್ತೇನೆ. ನಾನು ಬಂದಾಗಿನಿಂದ ಕಣ್ತುಂಬ ನಿದ್ದೆ ಮಾಡಿರಲಿಲ್ಲ. ಚಪ್ಪಲಿಯನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು, ಪುಟ್ಟಿಯ ಸೊಂಟಕ್ಕೆ ನನ್ನ ಸೆರಗು ಕಟ್ಟಿಕೊಂಡು ಮಲಗುತ್ತಿದ್ದೆ. ನಿನಗೆ ಬರೆದರೆ ವಾಪಸು ಬಾ ಅನ್ನುತ್ತೀಯೆಂದು ಬರೆಯಲಿಲ್ಲ. ನಿನ್ನ ಕಾಗದ ಬಂದ ದಿನ ಮಧ್ಯಾಹ್ನವೇ ಮಲಗಿ, ಸಂಜೆ ಪುಟ್ಟಿ ಅಲುಗಿಸಿದರೂ ಏಳಲಿಲ್ಲ.

ಹಿಟ್ಟಿನ ಗಿರಣಿಯ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ ಓದಿದೆ. ನಿನ್ನ ಅಕ್ಷರ ಎಷ್ಟು ದುಂಡಗಿದೆಯೆಂದು ಕಾಗದ ಕೈಯಿಂದ ಕೈಗೆ ಹೋಯಿತು. ಮೂಟೆ ಕಟ್ಟಿದ್ದವರು ಬಿಚ್ಚಿದರು. ಆಗಲೇ ಮೇಲೆ ಹೋಗಿದ್ದ ಮೂರು ಮನೆಯವರು ಇಳಿದು ಬಂದರು. ನಿನಗೆ ಇಲ್ಲಿ ಅಳತೆಯಣ್ಣ ಎಂದು ಹೆಸರಾಗಿದೆ. ಯಜಮಾನರು ಯಾರಿಗೆ ಏನು ಸಂಶಯ ಬಂದರೂ "ಅಳತೆಯಣ್ಣನ್ನ ಕೇಳಿ" ಅನ್ನುತ್ತಾರೆ.

ನೇಕಾರರ ಸೊಸೆಗೆ ಗಂಡುಮಗು. ನಮ್ಮ ಬೆಚ್ಚನೆಯ ಕೋಣೆಯಲ್ಲೇ ಆಯಿತು. ಆ ಕೊಟ್ಟಿಗೆಯಲ್ಲಿ ಆಗಿದ್ದರೆ ಎಂದು ನೆನೆದರೆ ಮೈ ನಡುಗುತ್ತದೆ.

ಕೆರೆಯ ಕಟ್ಟೆಯ ಬುಡದಲ್ಲಿ ಹೊಸದಾಗಿ ಒಂದು ಒರತೆ ಎದ್ದಿದೆ, ಬೂದಿ ಕಲಸಿದಂಥ ನೀರು. ಮೊದಲಾಗಿದ್ದರೆ ಇದನ್ನು ಕೇಳಿ ನನ್ನ ಜೀವ ಬಾಯಿಗೆ ಬರುತ್ತಿತ್ತು. ಈಗ ಅದು ಸೇರಿದ ಹೊಳೆಯ ನೀರು ಬಟ್ಟೆ ಒಗೆಯಲು ಬಾರದಲ್ಲ ಎಂಬುದಷ್ಟೇ ಚಿಂತೆ.

ನಿನ್ನ ತಂಗಿ


ಜೂನ್ 23

ತಂಗಿ,

ಮೊದಲು ಇದನ್ನು ಓದು, ಆಮೇಲೆ ಉಳಿದದ್ದು. ಈಗಲೇ ಮೇಲೆ ಹೋಗಿ. ಎಲ್ಲರೂ. ದಿಬ್ಬ ಹದಿನಾರಲ್ಲ, ಎಂಟು. ಎಂಟು ಆಳೆತ್ತರ. ನೀರು ಹತ್ತು.

ಮಾದರಿಯ ಕೆಳಗೆ ಫಲಕ ಬರೆಯುವವಳು ಇವತ್ತು ಬಂದಿದ್ದಳು. "ಎತ್ತರದ ಅಳತೆ ಏನು ಬರೀಲಿ, ಎರಡು ಪಟ್ಟು ಅಂತ ತಾನೇ?" ಎಂದಳು. ಹೂಂ ಅಂದೆ. ಅಂದವನು ಹಾಗೇ ನಿಂತುಬಿಟ್ಟೆ. ನಾನು ಅಗಲ ಅಳೆಯುವ ಪಟ್ಟಿಯಲ್ಲೇ ದಿಬ್ಬದ ಎತ್ತರ ಅಳೆದಿದ್ದೆ. ಎರಡು ಪಟ್ಟು ಏರಿಸಿದ ದಿಬ್ಬವನ್ನು ಇದ್ದ ಹಾಗೆಯೇ ಇದೆಯೆಂದು ಅಳೆದಿದ್ದೆ. ಏರಿಸಿದವನೂ ನಾನೇ. ಕಸುಬಿಗೆ ಹೊಸದಾಗಿ ಬಂದವನೂ ಮಾಡದ ತಪ್ಪು. ಆ ಎತ್ತರವೇ ನನ್ನ ಕಣ್ಣಿಗೆ ನಿಜವಾಗಿಬಿಟ್ಟಿತ್ತು.

ಅಷ್ಟು ಹೊತ್ತಿಗೆ ನಿನ್ನ ಕಾಗದ ಬಂತು. ಮೂಟೆ ಬಿಚ್ಚಿದರು ಎಂದು ಬರೆದಿದ್ದೀಯ. ಒರತೆ ಎಂದು ಬರೆದಿದ್ದೀಯ. ಕಟ್ಟೆಯ ಒಳಗಿನ ಮಂಜು ಕರಗಿ ನೀರು ದಾರಿ ಮಾಡಿಕೊಳ್ಳುತ್ತಿದೆ, ಅದಕ್ಕೇ ಬೂದಿಬಣ್ಣ.

ಕೆಳಪೇಟೆಗೆ ಫೋನ್ ಮಾಡಿದೆ, ಲೈನಿಲ್ಲ. ಇದರ ಇನ್ನೆರಡು ಪ್ರತಿ ಬೇರೆ ಬೇರೆ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಅಕ್ಷರ ಕೂಡುತ್ತಿಲ್ಲ. ಹೇಗಾದರೂ ಓದಿಕೋ. ಮೇಲೆ ಹೋಗು ಕಣೇ.

ಅಣ್ಣ


ಜುಲೈ 2

ತಂಗಿ,

ಉತ್ತರವಿಲ್ಲ. ಇಷ್ಟು ಬೇಗ ಬರುವುದಿಲ್ಲವೆಂದು ಗೊತ್ತಿದ್ದೂ ದಿನವೂ ಗೇಟಿನ ಬಳಿ ನಿಲ್ಲುತ್ತೇನೆ. ಅಂಚೆಯವನು ನನ್ನನ್ನು ಕಂಡರೆ ಈಗ ಆಚೆ ಬದಿಯಿಂದ ಹೋಗುತ್ತಾನೆ.

ಷೆಡ್ಡಿನಲ್ಲಿ ಮಾದರಿಗೆ ಬಟ್ಟೆ ಹೊದಿಸಿಟ್ಟಿದ್ದೇನೆ. ನೋಡಲು ಭಯ. ಆ ದಿಬ್ಬದ ಹಿಂದೆ ನಿಮ್ಮ ಊರಿನ ಮನೆಗಳಿಗೆಂದು ಸಾಸಿವೆಯಷ್ಟು ಸಾಸಿವೆಯಷ್ಟು ಮರದ ತುಂಡು ಅಂಟಿಸಿದ್ದೆ. ಒಂದಕ್ಕೆ ಕೆಂಪು ಬಳಿದಿದ್ದೆ, ಪುಟ್ಟಿಗೆ ತೋರಿಸಬೇಕೆಂದು.

ಇನ್ನೊಮ್ಮೆ ಬರೆಯುತ್ತೇನೆ, ಹಿಂದಿನದು ಕಳೆದುಹೋಗಿದ್ದರೆ ಇದಾದರೂ ಸಿಗಲಿ: ದಿಬ್ಬ ಎಂಟೇ ಆಳೆತ್ತರ. ಮೇಲೆ ಹೋಗು.

ಅಣ್ಣ


ಜುಲೈ 6

ಅಣ್ಣನಿಗೆ,

ನಿನ್ನ ಕಾಗದ ತಲುಪಿತು. ನಾವು ಮೇಲಿದ್ದೇವೆ. ಎಲ್ಲರೂ ಅಲ್ಲ.

ಅದನ್ನೂ ಗಿರಣಿಯ ಅಂಗಳದಲ್ಲೇ ಓದಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಯಜಮಾನರು ಹಿಂದಿನ ಕಾಗದ, ಇದು ಎರಡನ್ನೂ ಇಸಿದುಕೊಂಡು ಬಿಸಿಲಿಗೆ ಹಿಡಿದು ಪಕ್ಕಪಕ್ಕದಲ್ಲಿ ನೋಡಿದರು. ಆಮೇಲೆ ಹೇಳಿದರು: "ಇದು ನೆಮ್ಮದಿಯಾಗಿ ಕೂತು ಬರೆದದ್ದು. ಇದು ಹೆದರಿಕೊಂಡು ಬರೆದದ್ದು. ಹೆದರಿದವರ ಲೆಕ್ಕ ಹೇಗಮ್ಮ ನಂಬೋದು? ತಂಗಿ ಮೇಲಿನ ಪ್ರೀತಿಗೆ ಪಾಪ ಏನೇನೋ ಅನ್ನಿಸಿರುತ್ತೆ." ಎಲ್ಲರೂ ತಲೆಯಾಡಿಸಿದರು. ದುಂಡಗಿನ ಅಕ್ಷರವನ್ನು ನಂಬಿದವರು ಗೀಚಿದ ಅಕ್ಷರವನ್ನು ನಂಬಲಿಲ್ಲ. ನಾನೂ ಒಂದು ಗಳಿಗೆ ಅವರ ಮಾತೇ ಸರಿಯಿರಲಿ ಎಂದು ಆಸೆಪಟ್ಟೆ.

ಬೇಡಿಕೊಂಡು ಸಾಕಾಯಿತು. ಕೊನೆಗೆ ಆಸ್ಪತ್ರೆಯನ್ನೇ ಎತ್ತಿದೆ. ಮಂಚ ಬಿಚ್ಚಿಸಿ, ಔಷಧಿ, ಒಲೆ, ಬೋರ್ಡು ಎಲ್ಲ ಹೇಸರಗತ್ತೆಯ ಮೇಲೆ ಹೇರಿ ಹುಲ್ಲುಗಾವಲಿಗೆ ಸಾಗಿಸಿದೆ. ಔಷಧಿ ಬೇಕಾದವರು ಅಲ್ಲಿಗೇ ಬನ್ನಿ ಎಂದೆ. ಹೀಗೆ ಮಾಡಲು ನನಗೆ ಯಾವ ಅಧಿಕಾರವೂ ಇಲ್ಲ, ಮೇಲಧಿಕಾರಿಗಳಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಮೊದಲು ಕೆಮ್ಮಿನ ಮುದುಕಿಯರು ಗೊಣಗುತ್ತ ಬಂದರು. ಬಸುರಿಯರು ಬಂದರು, ಬಾಣಂತಿ ಬಂದಳು, ಮಕ್ಕಳು ಬಂದವು. ಬೇಯಿಸಿ ಹಾಕುವವರಿಲ್ಲದೆ ಗಂಡಸರೂ ಒಬ್ಬೊಬ್ಬರಾಗಿ ಬಂದರು. ಯಜಮಾನರು ಮತ್ತು ಇನ್ನು ಕೆಲವು ಮನೆಯವರು ಬರಲಿಲ್ಲ.

ನೀರು ಬಂದಿಲ್ಲ ಅಣ್ಣ. ದಿನಾ ಬೆಳಗಾಗುತ್ತದೆ, ಕೆರೆ ಹಾಗೇ ಇದೆ, ಊರು ಹಾಗೇ ಇದೆ. ಇಲ್ಲಿ ಗಾಳಿ ಗೋಡೆಯ ಸಂದಿನಲ್ಲಿ ನುಗ್ಗುತ್ತದೆ. ನೇಕಾರರ ಸೊಸೆಯ ಮಗುವಿಗೆ ಎದೆ ಕಟ್ಟಿದೆ. ಉಸಿರೆಳೆದಾಗ ಪಕ್ಕೆಲುಬು ಒಳಗೆ ಹೋಗುತ್ತದೆ. ಇದ್ದ ಔಷಧಿ ಕೊಟ್ಟಿದ್ದೇನೆ. ಕೆಳಗೆ ಬೆಚ್ಚನೆಯ ಕೋಣೆ ಖಾಲಿ ಬಿದ್ದಿದೆ.

ನಿಜ ಹೇಳು. ಈ ಸಲ ಸರಿಯಾಗಿ ಅಳೆದಿದ್ದೀಯಾ? ನಾನು ತಪ್ಪು ಮಾಡುತ್ತಿದ್ದೇನಾ?

ತಂಗಿ


ಜುಲೈ 17

ತಂಗಿಗೆ,

ಮೇಲಿದ್ದೀಯ ಎಂಬ ಸಾಲನ್ನು ಗೇಟಿನ ಬಳಿಯೇ ಅಂಚೆಯವನಿಗೂ ಓದಿ ಹೇಳಿದೆ.

ಸರಿಯಾಗಿ ಅಳೆದಿದ್ದೇನೆ. ನಾನೊಬ್ಬನೇ ಅಲ್ಲ. ನಕ್ಷೆಯನ್ನು ಹೊತ್ತುಕೊಂಡು ಹೋಗಿ ಎಂಜಿನಿಯರುಗಳ ಮುಂದೆ ಹರಡಿ ಗೆರೆ ಎಣಿಸಿ ಕೊಡಿ ಎಂದು ಕೈಮುಗಿದೆ. ಎಂಟೇ. ಒಂದು ಕಡೆ ಇನ್ನೂ ಸ್ವಲ್ಪ ತಗ್ಗು.

ಆದರೆ ನೀನು ಕೇಳಿದ್ದು ಅದಲ್ಲ. ನೀರು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಈ ವರ್ಷ ಬರಬಹುದು, ಪುಟ್ಟಿಯ ಮಕ್ಕಳ ಕಾಲಕ್ಕೆ ಬರಬಹುದು. ಮಗುವಿಗೆ ಹೆಚ್ಚು ಅಪಾಯ ಯಾವುದು, ಚಳಿಯೋ ಕೆರೆಯೋ, ಅದೂ ಗೊತ್ತಿಲ್ಲ. ನಾನು ನಿನಗೆ "ಗೊತ್ತಿಲ್ಲ" ಎಂದು ಹೇಳುತ್ತಿರುವುದು ಇದೇ ಮೊದಲು. ನೀನು ತಪ್ಪು ಮಾಡುತ್ತಿದ್ದರೆ ಆ ತಪ್ಪು ನನ್ನದು, ನನ್ನ ಹೆಸರು ಹೇಳು. ಇಳಿಯಬೇಡ.

ನಾನೇ ಬರಬೇಕಿತ್ತು. ಸ್ಟೂಲಿನ ಮೇಲೆ ನಿಂತರೂ ತಲೆ ಸುತ್ತುವವನು ನಾನು, ಪರ್ವತವನ್ನು ಮೇಜಿನ ಮೇಲೆ ಬಿಟ್ಟು ಬೇರೆಲ್ಲೂ ಕಂಡವನಲ್ಲ. ಮಗು ಹೇಗಿದೆ ಬರೆ.

ಅಣ್ಣ


ಜುಲೈ 25

ಅಣ್ಣ,

ನಿನ್ನ ಕಾಗದ ಇವತ್ತು ಸಿಕ್ಕಿತು. ಟಪಾಲಿನವನು ಏಣಿನ ಮೇಲಿನಿಂದ ಸುತ್ತಿ ಬಂದ. ಕೆಳಗಿನ ದಾರಿ ಇಲ್ಲ.

ಮಗು ಹದಿಮೂರನೇ ತಾರೀಖು ಹೋಯಿತು. ನನ್ನ ತೊಡೆಯ ಮೇಲೆಯೇ ಹೋಯಿತು. ಮಾರನೆಯ ದಿನ ಅದನ್ನು ಊರಿನಲ್ಲೇ ಮಣ್ಣು ಮಾಡಬೇಕೆಂದು ಅದರ ಅಪ್ಪ, ತಾತ, ಮತ್ತೆ ಕೆಲವರು ಎತ್ತಿಕೊಂಡು ಇಳಿದರು. ಯಾವ ಮುಖ ಇಟ್ಟುಕೊಂಡು ತಡೆಯಲಿ? ಯಜಮಾನರು ಎದುರು ಬಂದು ಅವರನ್ನು ಸೇರಿಕೊಂಡದ್ದು ಇಲ್ಲಿಂದಲೇ ಕಂಡಿತು. ಬಾಣಂತಿ ಕೊಟ್ಟಿಗೆಯ ಬಾಗಿಲಲ್ಲಿ ಕೂತು ನೋಡುತ್ತಿದ್ದಳು.

ಮಧ್ಯಾಹ್ನ, ಬಿಸಿಲು ಚೆನ್ನಾಗಿತ್ತು. ಮೊದಲು ಬಂದದ್ದು ಸದ್ದಲ್ಲ, ಗಾಳಿ. ಹಸಿ ಮಣ್ಣಿನ ವಾಸನೆಯ ಗಾಳಿ. ಆಮೇಲೆ ಕಾಲ ಕೆಳಗಿನ ನೆಲ ನಡುಗಿತು. ಕಮರಿಯ ತಿರುವಿನಲ್ಲಿ ಕಂದು ಬಣ್ಣದ್ದೊಂದು ಎದ್ದು ನಿಂತಿತು. ಅದರಲ್ಲಿ ಬಂಡೆಗಳು ಉರುಳುತ್ತಿದ್ದವು. ದಿಬ್ಬಕ್ಕೆ ಬಂದು ಒಂದು ಕ್ಷಣ ನಿಂತಂತೆ ಕಂಡಿತು. ಪಕ್ಕದಲ್ಲಿ ಯಾರೋ "ತಡೀತು" ಅಂದರು. ಆಮೇಲೆ ಹಾಲು ಉಕ್ಕಿದ ಹಾಗೆ ಮೇಲೆ ಬಂದು ಈಚೆಗೆ ಸುರಿಯಿತು. ಗಿರಣಿ ಹೋಯಿತು, ಖಾಲಿ ಆಸ್ಪತ್ರೆ ಹೋಯಿತು, ಎಲ್ಲ ಹೋಯಿತು. ಇಳಿದವರಲ್ಲಿ ಯಾರೂ ಬರಲಿಲ್ಲ, ಕೆಳಗೇ ಉಳಿದಿದ್ದ ಮನೆಯವರೂ ಬರಲಿಲ್ಲ. ಪುಟ್ಟಿಯ ಕಣ್ಣನ್ನು ನಾನು ಮುಚ್ಚಿದ್ದೆ, ಅವಳು ನನ್ನ ಬೆರಳ ಸಂದಿಯಿಂದ ಎಲ್ಲ ನೋಡಿದ್ದಾಳೆ. ಅವತ್ತಿನಿಂದ ಅವಳು ಮಾತಾಡಿಲ್ಲ.

ನೇಕಾರರ ಸೊಸೆ ನನ್ನ ಜೊತೆಗಿದ್ದಾಳೆ. ನಾನು ಕೊಟ್ಟ ಗಂಜಿ ಕುಡಿಯುತ್ತಾಳೆ. ಯಾಕೆ ಕುಡಿಯುತ್ತಾಳೋ ಗೊತ್ತಿಲ್ಲ, ನಾನಾಗಿದ್ದರೆ ಮುಖಕ್ಕೆ ಎಸೆಯುತ್ತಿದ್ದೆ.

ಇಷ್ಟಾದರೂ ಉಳಿದವರು ನಿನ್ನನ್ನು ಬೈಯುವುದಿಲ್ಲ. ಇದೇ ನನಗೆ ಎಲ್ಲಕ್ಕಿಂತ ಭಯ. ಎರಡನೆಯ ಕಾಗದ ನಿಜವಾಯಿತಲ್ಲ, ಈಗ ಅವರಿಗೆ ಅಳತೆಯಣ್ಣ ಹೇಳಿದ್ದೇ ಕೊನೆಯ ಮಾತು. ಈ ಹುಲ್ಲುಗಾವಲಿನ ನೆತ್ತಿಯಲ್ಲಿ ಕಡಿದಾದ ಇಳಿಜಾರಿದೆ. ನೆಲ ನಡುಗಿದ ದಿನದಿಂದ ಅಲ್ಲೊಂದು ಬಿರುಕು ಬಿಟ್ಟಿದೆ, ನನ್ನ ಕೈ ಮೊಣಕೈಯವರೆಗೂ ಹೋಗುತ್ತದೆ. ನಿನ್ನೆ ಮುದುಕಿಯರೆಲ್ಲ ಬಂದು ಸುತ್ತ ಕೂತರು. "ಇಲ್ಲೇ ಇರಬಹುದಾ, ನಿಮ್ಮಣ್ಣನ ಹತ್ರ ಅಳೆಸಿ ಹೇಳಿ ನರ್ಸಮ್ಮ. ಅವರು ಇರಿ ಅಂದ್ರೆ ಇರ್ತೀವಿ," ಅಂದರು.

ಅದಕ್ಕೇ ಇದನ್ನು ಬರೆಯಲು ಕೂತೆ.

ಮೇಜಿನ ಮೇಲೆ ಅಳೆಯಬೇಡ. ಬಾ. ತಲೆ ಸುತ್ತಿದರೆ ಕೂತು ಬಾ, ತೆವಳಿಕೊಂಡು ಬಾ. ಬಂದು ಆ ಬಿರುಕಿನ ಪಕ್ಕದಲ್ಲಿ ನಿಂತು, ಇರಬಹುದೋ ಇಲ್ಲವೋ ಅವರಿಗೆ ನಿನ್ನ ಬಾಯಿಂದಲೇ ಹೇಳು. ಬರಲಾರೆ ಎಂದರೆ ಹಾಗೆಂದೇ ಬರೆ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಇನ್ನು ಮೇಲೆ ನನಗೆ ಧೈರ್ಯ ಮಾತ್ರ ಹೇಳಬೇಡ.

ತಂಗಿ